ಬಾಚಣಿಗೆಯ ದುಡ್ಡು

ನ್ಯೂಯಾರ್ಕ್ ನಗರದ ಐದನೇ ಅವೆನ್ಯೂದಲ್ಲಿ ಸೇಂಟ್ ಪ್ಯಾಟ್ರಿಕ್ ಅಂತ ಒಂದು ಭಾರಿ ಕೆಥೆಡ್ರಲ್ ಇದೆ. ಅದರ ನೆಲಮಾಳಿಗೆ ಆರ್ಚ್‌ಬಿಷಪ್ಪು, ಕಾರ್ಡಿನಲ್ಲುಗಳಂಥ ದೊಡ್ಡವರು ಮಣ್ಣಾಗುವ ಜಾಗ. ಅವರ ನಡುವೆ ಒಬ್ಬ ಕರಿಯ ಕ್ಷೌರಿಕನ ಮೂಳೆಗಳಿವೆ. 1853ರಲ್ಲಿ ಸತ್ತು ಬೇರೆ ಕಡೆ ಹೂಳಲ್ಪಟ್ಟವನನ್ನು 1990ರಲ್ಲಿ ಅಗೆದು ತಂದು ಇಲ್ಲಿಟ್ಟರು. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವನನ್ನು ಸಂತ ಪದವಿಯ ಹಾದಿಯಲ್ಲಿ ಒಂದು ಮೆಟ್ಟಿಲು ಹತ್ತಿಸಿದರು. ಹೆಸರು ಪಿಯರ್ ಟೂಸಾನ್.

ವಲಸೆ ಬಂದ ಕ್ಷೌರಿಕ ಅಂತ ಅವನನ್ನು ಕರೆಯುತ್ತಾರೆ. ವಲಸೆ ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ವಲಸೆ ಹೋಗುವವನು ತಾನೇ ಗಂಟು ಕಟ್ಟುತ್ತಾನೆ. ಇವನೇ ಧಣಿಯ ಗಂಟಿನೊಳಗಿದ್ದ. ಇಂದು ಹೈಟಿ ಎನ್ನುವ ದೇಶ ಆಗ ಫ್ರೆಂಚರ ಸಕ್ಕರೆಯ ವಸಾಹತು, ಸೇಂಟ್ ಡೊಮಿಂಗ್. ಅಲ್ಲಿ ಬೆರಾರ್ ಎಂಬ ಜಮೀನ್ದಾರ ಕುಟುಂಬದ ತೋಟದಲ್ಲಿ ಇವನು ಗುಲಾಮನಾಗಿ ಹುಟ್ಟಿದ. ಹುಟ್ಟಿದ್ದು 1766 ಎನ್ನುವವರಿದ್ದಾರೆ, 1781 ಎನ್ನುವವರೂ ಇದ್ದಾರೆ. ಹದಿನೈದು ವರ್ಷದ ಅಂತರ! ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮಪ್ಪ ಹುಟ್ಟಿದ್ದು 'ದೊಡ್ಡ ಬರದ ಮುಂದಿನ ವರ್ಷ' ಅಂತ ಮಾತ್ರ ಅಜ್ಜಿಗೆ ಗೊತ್ತಿತ್ತು; ನಮ್ಮ ಹುಟ್ಟಿದ ತಾರೀಖನ್ನು ಶಾಲೆಯ ಮೇಷ್ಟ್ರು ತಮಗೆ ತೋಚಿದಂತೆ ಬರೆದುಕೊಂಡರು.

ಹದಿನೆಂಟನೇ ಶತಮಾನ ಮುಗಿಯುವ ಹೊತ್ತಿಗೆ ಬೆರಾರ್ ಹೆಂಡತಿಯನ್ನೂ, ಟೂಸಾನ್‌ನನ್ನೂ, ಅವನ ತಂಗಿ ರೋಸಲಿಯನ್ನೂ ಕರೆದುಕೊಂಡು ನ್ಯೂಯಾರ್ಕಿಗೆ ಬಂದ. ಹುಡುಗನನ್ನು ಹೆಂಗಸರ ಕೂದಲು ಕಟ್ಟುವ ಕೆಲಸ ಕಲಿಯಲು ಹಚ್ಚಿದ. ಆಮೇಲೆ ಆಸ್ತಿ ನೋಡಿ ಬರುತ್ತೇನೆಂದು ದ್ವೀಪಕ್ಕೆ ಹೋದವನು ಅಲ್ಲೇ ಸತ್ತ. ಇಲ್ಲಿ ಹೂಡಿದ್ದ ಹಣವೂ ಮುಳುಗಿತು. ಧಣಿತಿಯ ಮನೆಯಲ್ಲಿ ಉಳಿದದ್ದು ಒಂದೇ ಆಸ್ತಿ, ಗುಲಾಮನ ಕೈಬೆರಳು.

ಆ ಬೆರಳುಗಳಿಂದ ಟೂಸಾನ್ ವರ್ಷಾನುಗಟ್ಟಲೆ ಧಣಿತಿಯನ್ನು ಸಾಕಿದ. ಅವಳ ಸಾಲ ತೀರಿಸಿದ, ಅವಳ ಮನೆಗೆ ಬರುವ ಅತಿಥಿಗಳಿಗೆ ಊಟಕ್ಕಿಟ್ಟ. ಅವಳು ಸಾಯುವ ಹಾಸಿಗೆಯಲ್ಲಿ, 1807ರಲ್ಲಿ, ಅವನನ್ನು ಬಿಡುಗಡೆ ಮಾಡಿದಳು.

ಇಲ್ಲಿಗೆ ಬಂದಾಗ ನಮ್ಮ ಗೆಳೆಯರೊಬ್ಬರು ಸಿಟ್ಟಾದರು. 'ಅವನ ದ್ವೀಪದಲ್ಲಿ 1791ರಲ್ಲಿ ಗುಲಾಮರು ಕಬ್ಬಿನ ಗದ್ದೆಗೆ ಬೆಂಕಿಯಿಟ್ಟರು. ಟೂಸಾನ್ ಲೂವರ್ಚೂರ್ ಅಂಥವನು ಸೈನ್ಯ ಕಟ್ಟಿದ, 1803ರಲ್ಲಿ ಫ್ರಾನ್ಸಿನ ಚಳಿಗಾಲದ ಸೆರೆಮನೆಯಲ್ಲಿ ಸತ್ತ. 1804ರಲ್ಲಿ ಗುಲಾಮರೇ ಸ್ವತಂತ್ರ ದೇಶ ಕಟ್ಟಿದರು. ಇಂಥ ಹೊತ್ತಲ್ಲಿ ಧಣಿತಿಯ ಜಡೆ ಹೆಣೆಯುತ್ತಿದ್ದ ಇನ್ನೊಬ್ಬ ಟೂಸಾನ್ ನಮಗೇಕೆ?' ಅಂದರು. ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಇವನನ್ನು ಸಂತನನ್ನಾಗಿ ಮಾಡುವ ಮಾತು ಬಂದಾಗ ಅಮೆರಿಕದ ಕರಿಯರಲ್ಲೇ ಕೆಲವರು ಇದನ್ನೇ ಕೇಳಿದರು. ತಲೆಬಾಗಿದವನನ್ನೇ ಆರಿಸಿ ನಮ್ಮ ಮುಂದೆ ನಿಲ್ಲಿಸುತ್ತೀರಲ್ಲ ಅಂತ.

ಪ್ರಶ್ನೆಯನ್ನು ಇನ್ನಷ್ಟು ಬಿಗಿ ಮಾಡುವ ಸಂಗತಿಯೂ ಇದೆ. 1827ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡಾಗ ಕರಿಯರು ಮೆರವಣಿಗೆ ಮಾಡಿದರು. ಟೂಸಾನ್‌ನನ್ನೂ ಕರೆದರು, ಅವನು ಹೋಗಲಿಲ್ಲ. ನನ್ನ ಬಿಡುಗಡೆ ಸರ್ಕಾರ ಕೊಟ್ಟದ್ದಲ್ಲ, ಧಣಿತಿ ಕೊಟ್ಟದ್ದು ಎಂದನಂತೆ. 'ಅಂತೆ' ಎಂದು ಬೇಕೆಂದೇ ಬರೆಯುತ್ತಿದ್ದೇವೆ. ಯಾಕೆಂದರೆ ಇದನ್ನು ದಾಖಲು ಮಾಡಿದವಳು ಹನ್ನಾ ಲೀ ಎಂಬ ಬಿಳಿ ಲೇಖಕಿ. 1854ರಲ್ಲಿ, ಅಂದರೆ ದಕ್ಷಿಣದ ರಾಜ್ಯಗಳಲ್ಲಿ ಇನ್ನೂ ಮನುಷ್ಯರ ಹರಾಜು ನಡೆಯುತ್ತಿದ್ದಾಗ, ಅವಳು ಅವನ ಜೀವನ ಬರೆದಳು. ನಿಷ್ಠಾವಂತ ಗುಲಾಮ ಎಂದರೆ ಬಿಳಿಯ ಓದುಗರಿಗೆ ಎಷ್ಟು ಹಿತ! ಹಾಗಂತ ಆ ಮಾತು ಅವಳ ಕಲ್ಪನೆ ಎಂದು ತಳ್ಳಿಹಾಕುವುದೂ ಅಪ್ರಾಮಾಣಿಕವಾದೀತು. ಅವನು ಹೇಳಿದ್ದರೂ ಹೇಳಿರಬಹುದು.

ಇರಲಿ. ಅವನ ದುಡ್ಡು ಎಲ್ಲಿಗೆ ಹೋಯಿತು ನೋಡೋಣ. ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಬೆಳಿಗ್ಗೆ ಬಾರ್ಕ್ಲೇ ಬೀದಿಯ ಸೇಂಟ್ ಪೀಟರ್ಸ್ ಚರ್ಚಿಗೆ ಹೋಗಿ, ಅಲ್ಲಿಂದ ಶ್ರೀಮಂತರ ಮನೆ ಮನೆ ತಿರುಗುತ್ತಿದ್ದ. ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಬೀಗರ ಬಳಗದಂಥ ದೊಡ್ಡ ಮನೆತನದ ಹೆಂಗಸರು ಅವನ ಗಿರಾಕಿಗಳು. ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಒಯ್ಯುತ್ತಿರಲಿಲ್ಲ. ಎಲ್ಲಿಗೂ ನಡೆದೇ ಹೋಗಬೇಕು, ಯಾಕೆಂದರೆ ಕುದುರೆ ಗಾಡಿಗಳಲ್ಲಿ ಬಿಳಿಯರ ಪಕ್ಕ ಕರಿಯನಿಗೆ ಜಾಗವಿಲ್ಲ. ಇದನ್ನು ಓದುವಾಗ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ತಲೆಯ ಮೇಲೆ ಅವನ ಕೈ ಬೇಕು, ನೆತ್ತಿಯ ಬುಡಕ್ಕೆ ಅವನ ಬೆರಳು ಬೇಕು. ಪಕ್ಕದಲ್ಲಿ ಅವನ ಮೈ ಬೇಡ! ಮುಟ್ಟುವುದರಲ್ಲಿ ಮೈಲಿಗೆಯಿಲ್ಲ, ಸರಿಸಮ ಕೂರುವುದರಲ್ಲಿದೆ. ಊರ ಕಟಿಂಗ್ ಅಂಗಡಿಯ ಕತ್ತರಿ ನಮ್ಮ ಕೇರಿಯ ತಲೆಗೆ ತಾಗದೆ, ಕಾಲೇಜು ಸೇರಿದ ಮೇಲೆ ಪೇಟೆಯಲ್ಲಿ ಮೊದಲ ಸಲ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂತವರು ನಾವು. ಆ ಅಂಗಡಿಯವನನ್ನೂ ಊರಿನ ದೊಡ್ಡವರು ಜಾತಿಯ ಹೆಸರಿನಿಂದಲೇ ಬೈಯುತ್ತಿದ್ದರು ಎಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ.

ಹೀಗೆ ನಡೆದು ನಡೆದು ಗಳಿಸಿದ ದುಡ್ಡಿನಿಂದ ಅವನು ಕೊಂಡದ್ದು ಮನುಷ್ಯರನ್ನು, ಬಿಟ್ಟುಬಿಡುವುದಕ್ಕಾಗಿ. ತಂಗಿ ರೋಸಲಿಯ ಬಿಡುಗಡೆಗೆ ಬೆಲೆ ತೆತ್ತ. ಜೂಲಿಯೆಟ್ ಎಂಬ ಹುಡುಗಿಯ ಬಿಡುಗಡೆಗೆ ಬೆಲೆ ತೆತ್ತ, 1811ರಲ್ಲಿ ಅವಳನ್ನು ಮದುವೆಯಾದ. ಇನ್ನೂ ಹಲವರ ಬಿಡುಗಡೆಗೆ ಹಣ ಹೊಂದಿಸಿಕೊಟ್ಟ. ಗುಲಾಮಗಿರಿಯ ಸಂತೆಯಲ್ಲೇ ವ್ಯಾಪಾರ ಮಾಡಿದನಲ್ಲ, ಅದರಿಂದ ಸಂತೆ ಮುರಿಯಲಿಲ್ಲವಲ್ಲ ಎನ್ನಬಹುದು. ಮುರಿಯಲಿಲ್ಲ, ನಿಜ. ಆದರೆ ಆ ಸಂತೆಯೊಳಗೆ ನಿಂತ ರೋಸಲಿಗೆ ನಾವು ಏನು ಹೇಳಬೇಕಿತ್ತು? ಕ್ರಾಂತಿ ಬರುವ ತನಕ ಕಾಯಿ ಅಂತಲೇ?

ಗಂಡ ಹೆಂಡತಿ ಅನಾಥ ಕರಿಯ ಹುಡುಗರನ್ನು ಮನೆಯಲ್ಲಿಟ್ಟು ಸಾಕಿದರು, ಕೆಲಸ ಕಲಿಸಿದರು. ಬಿಳಿಯ ಮಕ್ಕಳು ಬೆಳೆಯುತ್ತಿದ್ದ ಕ್ಯಾಥೊಲಿಕ್ ಅನಾಥಾಲಯಕ್ಕೂ ಅವನು ಮನೆ ಮನೆ ಕೇಳಿ ಚಂದಾ ಎತ್ತಿದ. ಹಳದಿ ಜ್ವರ ಬಂದು ಬೀದಿಗಳನ್ನು ಮುಚ್ಚಿದಾಗ ಒಳಗೆ ನುಗ್ಗಿ ರೋಗಿಗಳನ್ನು ನೋಡಿಕೊಂಡ. 1835ರ ಡಿಸೆಂಬರಿನ ದೊಡ್ಡ ಬೆಂಕಿಯಲ್ಲಿ ಅವನ ಉಳಿತಾಯದ ಬಹುಭಾಗ ಹೋಯಿತು. ಗೆಳೆಯರು ಚಂದಾ ಎತ್ತಿ ಕೊಡುತ್ತೇವೆಂದರೆ ಬೇಡವೆಂದು ಮತ್ತೆ ಬಾಚಣಿಗೆ ಹಿಡಿದ.

ಇಷ್ಟೆಲ್ಲ ಕೊಟ್ಟವನನ್ನು 1842ರಲ್ಲಿ ಆಗಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲಿನ ಬಾಗಿಲಲ್ಲಿ ಬಿಳಿಯ ದ್ವಾರಪಾಲಕನೊಬ್ಬ ತಡೆದು ಅವಮಾನ ಮಾಡಿದ. ಆಡಳಿತ ಮಂಡಳಿಯ ಮುಖ್ಯಸ್ಥ ಆಮೇಲೆ ಕ್ಷಮೆ ಕೇಳಿ ಕಾಗದ ಬರೆದ. ಅದೇ ಚರ್ಚಿನ ಹಿತ್ತಲ ಸ್ಮಶಾನದಲ್ಲಿ ಅವನನ್ನು ಹೂಳಿದ್ದು. ನೆಲಮಾಳಿಗೆಯ ಗೌರವ ಬರುವುದಕ್ಕೆ ಇನ್ನೂ ನೂರ ಮೂವತ್ತೇಳು ವರ್ಷ ಬೇಕಾಯಿತು.

ನಮ್ಮನ್ನು ಹಿಡಿದು ನಿಲ್ಲಿಸುವುದು ಆ ನೆಲಮಾಳಿಗೆಯಲ್ಲ, ಒಂದು ಕಾಗದದ ಕಟ್ಟು. ತಂಗಿ ರೋಸಲಿ ಕ್ಷಯದಿಂದ ಸತ್ತಾಗ ಅವಳ ಹಸುಗೂಸು ಯೂಫೆಮಿಯಾಳನ್ನು ಟೂಸಾನ್ ದಂಪತಿ ಸಾಕಿದರು. ಮಗು ತೀರಾ ಬಡಕಲು, ಉಳಿಯುವುದೇ ಅನುಮಾನ. ಅವನು ಎತ್ತಿಕೊಂಡು ಗಾಳಿಗೆ ತಿರುಗಿಸಿ ಉಳಿಸಿಕೊಂಡ. ಓದಲು ಹಚ್ಚಿದ, ಸಂಗೀತ ಕಲಿಸಿದ. ಅಭ್ಯಾಸವಾಗಲೆಂದು ಅವಳು ಪ್ರತಿ ವಾರ ಒಂದು ಕಾಗದ ಇಂಗ್ಲಿಷಿನಲ್ಲಿ, ಒಂದು ಫ್ರೆಂಚಿನಲ್ಲಿ ಸೋದರಮಾವನಿಗೆ ಬರೆಯಬೇಕು. ಒಂದೇ ಮನೆಯಲ್ಲಿದ್ದುಕೊಂಡು ಮಾವನಿಗೆ ಕಾಗದ! 1829ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ತಾಯಿಯ ರೋಗದಿಂದಲೇ ಅವಳೂ ಹೋದಳು. ಅವನು ಮತ್ತೆ ಇಪ್ಪತ್ನಾಲ್ಕು ವರ್ಷ ಬದುಕಿದ. ಆ ಕಾಗದಗಳಲ್ಲಿ ಒಂದನ್ನೂ ಎಸೆಯಲು ಅವನಿಗೆ ಮನಸ್ಸಾಗಿರಲಿಕ್ಕಿಲ್ಲ. ಅವನ ಉಳಿದ ಕಾಗದಪತ್ರಗಳ ಜೊತೆ ಅವೂ ಇವತ್ತು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿವೆ.