ಸುಳ್ಳುಸುದ್ದಿ ಪತ್ತೆಯಲ್ಲಿ ಕ್ವಾಂಟಂ ಗಣನೆ

ಅಂತರ್ಜಾಲದಲ್ಲಿ ಹರಡುವ ತಪ್ಪು ಮಾಹಿತಿಯನ್ನೂ ಬೇಕೆಂದೇ ಹಬ್ಬಿಸುವ ಸುಳ್ಳನ್ನೂ ಕ್ವಾಂಟಂ ಕಂಪ್ಯೂಟರ್ ನೆರವಿನಿಂದ ಗುರುತಿಸುವ ಸಂಶೋಧನಾ ಕ್ಷೇತ್ರ. ಇನ್ನೂ ಪ್ರಯೋಗದ ಹಂತದಲ್ಲಿದೆ.

ಸಂದೇಶವನ್ನು ಮೊದಲು ಸಂಖ್ಯೆಗಳ ಸಾಲಾಗಿ ಬದಲಿಸಲಾಗುತ್ತದೆ. ಬರ್ಟ್ ಭಾಷಾಮಾದರಿಯ ಮೂಲ ರೂಪದಲ್ಲಿ ಈ ಸಾಲಿನಲ್ಲಿ 768 ಸಂಖ್ಯೆಗಳಿರುತ್ತವೆ. ಕ್ವಾಂಟಂ ಕಂಪ್ಯೂಟರ್ ಮಾಹಿತಿಯನ್ನು ಹಿಡಿದಿಡುವ ಮೂಲ ಘಟಕವೇ ಕ್ಯೂಬಿಟ್. 10 ಕ್ಯೂಬಿಟ್‌ಗಳ ಸ್ಥಿತಿಯನ್ನು ವಿವರಿಸಲು 1,024 ಸಂಖ್ಯೆಗಳು ಬೇಕು; ಹಾಗಾಗಿ ಇಡೀ ಸಾಲು ಆ ಹತ್ತರಲ್ಲೇ ಹಿಡಿಸುತ್ತದೆ. ಹೊಸ ಸಂದೇಶದ ಸ್ಥಿತಿ ಈಗಾಗಲೇ ಗೊತ್ತಿರುವ ಸುಳ್ಳುಗಳ ಸ್ಥಿತಿಯನ್ನು ಎಷ್ಟು ಹೋಲುತ್ತದೆ ಎಂದು ಅಳೆಯುವುದೇ ಮುಖ್ಯ ಕೆಲಸ. ಆದರೆ ಸಂಖ್ಯೆಗಳನ್ನು ಒಳಗೆ ತುಂಬುವುದು ದುಬಾರಿ, ಅಳತೆಯನ್ನು ಮತ್ತೆ ಮತ್ತೆ ಮಾಡಬೇಕು, ಇಂದಿನ ಯಂತ್ರಗಳಲ್ಲಿ ದೋಷ ಹೆಚ್ಚು. ಸಾಮಾನ್ಯ ಕಂಪ್ಯೂಟರ್‌ಗಿಂತ ಇದು ಮೇಲು ಎಂಬುದು ಈ ಕೆಲಸದಲ್ಲಿ ಸಾಬೀತಾಗಿಲ್ಲ.

ಸುಳ್ಳುಸುದ್ದಿ ಪತ್ತೆಯ ಅಗತ್ಯವಂತೂ ನಿಜ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ಸಾರಿದ ವಾಟ್ಸ್‌ಆ್ಯಪ್ ವದಂತಿ ಒಬ್ಬ ಯುವಕನ ಜೀವ ತೆಗೆಯಿತು. ಬೀದರ್ ಸೇರಿರುವ ಕಲ್ಯಾಣ ಕರ್ನಾಟಕದ ರಾಯಚೂರು, ದೇವದುರ್ಗ, ಮಾನ್ವಿಗಳ ಮಾತಿನಲ್ಲಿ ಕನ್ನಡ, ತೆಲುಗು, ಉರ್ದು ಬೆರೆಯುತ್ತವೆ; ಬರಹದ ಕನ್ನಡವನ್ನಷ್ಟೇ ಕಲಿತ ಯಂತ್ರ ಇಲ್ಲಿ ಎಡವುತ್ತದೆ. ವಾಟ್ಸ್‌ಆ್ಯಪ್ ಸಂದೇಶ ಗೂಢಲಿಪಿಯಲ್ಲಿ ಸಾಗುವುದರಿಂದ, ಬಂದದ್ದನ್ನು ಜನರೇ ಪರಿಶೀಲನೆಗೆ ಕಳಿಸಬೇಕು. ಈ ಭಾಗದ ಮಾತಿನ ಮಾದರಿಗಳನ್ನು ಕಲೆಹಾಕುವುದು ಕ್ಯೂಬಿಟ್‌ಗಿಂತ ತುರ್ತಿನದು.

ಕ್ವಾಂಟಂ ಸಂಶೋಧನೆಗೆಂದು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ನೀಡಿತು. ಅದರ ಗಣನಾ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಮಾತಿನ ಮಾದರಿ ಕಲೆಹಾಕಲು ನೆರವಾಗಬಲ್ಲ, 2019ರಲ್ಲಿ ಆರಂಭವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ರಾಯಚೂರಿನಲ್ಲೇ ಇದೆ.