ಮಂಡ್ಯ ಸೀಮೆಯ ಉರುವಲಿನ ಚರಿತ್ರೆ

ಅರಸರ ಕದನಗಳಿಗೆ ಚರಿತ್ರೆಯುಂಟೆಂಬುದನ್ನು ಎಲ್ಲರೂ ಬಲ್ಲರು. ಒಲೆಯ ಉರುವಲಿಗೂ ಚರಿತ್ರೆಯುಂಟೆಂಬುದನ್ನು ಮರೆಯುವುದೇ ಹೆಚ್ಚು. ವಾಚಕ ಮಹಾಶಯರೇ, ಮಳವಳ್ಳಿ, ಮಂಡ್ಯ, ಮದ್ದೂರು ತಾಲ್ಲೂಕುಗಳಲ್ಲಿ ಆ ಚರಿತ್ರೆಯ ಮೂರು ಅಧ್ಯಾಯಗಳಿವೆ.

ಮೊದಲನೆಯದು ಮಳವಳ್ಳಿಯದು. ಕೋಲಾರದ ಚಿನ್ನದ ಗಣಿಯ ಯಂತ್ರಗಳು ಹಿಂದೆ ಉಗಿಯಿಂದ ನಡೆಯುತ್ತಿದ್ದವು. ಉಗಿಗೆ ಕಲ್ಲಿದ್ದಲೂ ಸೌದೆಯೂ ಬೇಕಾಗಿದ್ದವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆ, ಅವರು ಗತಿಸಿದ ಮರುವರ್ಷ, 1902ರಲ್ಲಿ ಫಲಿಸಿತು. ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯಲ್ಲಿ ಹರಿದು ಗಣಿಯನ್ನು ಮುಟ್ಟಿತು. ಬೆಂಕಿಯ ಕೆಲಸವನ್ನು ಕಾವೇರಿಯ ನೀರು ವಹಿಸಿಕೊಂಡಿತು.

ಎರಡನೆಯದು ಮಂಡ್ಯದ್ದು. ಕನ್ನಂಬಾಡಿ ಕಟ್ಟೆಯ ನೀರಿನಿಂದ ಕಬ್ಬು ಹಬ್ಬಿತು. ಕೃಷಿತಜ್ಞ ಲೆಸ್ಲಿ ಕೋಲ್‌ಮನ್ ಅವರ ಶ್ರಮದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸಕ್ಕರೆ ಕಾರ್ಖಾನೆಗೆ ಉರುವಲು ಅದರ ಗಾಣದಿಂದಲೇ ದೊರೆಯುತ್ತದೆ: ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕಿಲೋ ಹಸಿ ಸಿಪ್ಪೆ ಉಳಿಯುತ್ತದೆ. ಬಾಯ್ಲರಿಗೂ ಅದೇ, ಆಲೆಮನೆಯ ಕೊಪ್ಪರಿಗೆಯ ಕೆಳಗೂ ಅದೇ.

ಮೂರನೆಯದು ಮದ್ದೂರಿನದು. ಆ ತಾಲ್ಲೂಕಿನ ಕೆ.ಎಂ. ದೊಡ್ಡಿಯ ಕಾರ್ಖಾನೆಯಲ್ಲಿ ಸಿಪ್ಪೆಯಿಂದ ಸಕ್ಕರೆಯ ಜೊತೆಗೆ ವಿದ್ಯುತ್ತನ್ನೂ ತೆಗೆಯುತ್ತಾರೆ.

ಏನನ್ನು ಉರಿಸಿದರೂ ಹೊಗೆಯೇ ಅಲ್ಲವೆ ಎಂದು ನೀವು ಕೇಳಬಹುದು. ಒಂದು ಕಿಲೋ ಇಂಗಾಲ ಪೂರ್ತಿ ಉರಿದರೆ ಸುಮಾರು 3.7 ಕಿಲೋ ಇಂಗಾಲಾಮ್ಲ ಅನಿಲವಾಗುವುದು ನಿಜ. ಆದರೆ ಸಿಪ್ಪೆಯ ಇಂಗಾಲ ಕಬ್ಬು ಬೆಳೆಯುವಾಗ ಗಾಳಿಯಿಂದ ಪಡೆದ ಕೈಗಡ; ಮುಂದಿನ ಬೆಳೆ ಅದನ್ನು ಮತ್ತೆ ಹೀರುತ್ತದೆ. ಕಲ್ಲಿದ್ದಲಿನ ಇಂಗಾಲ ಕೋಟ್ಯಂತರ ವರ್ಷ ನೆಲದಲ್ಲಿ ಹೂತಿದ್ದ ಗಂಟು. ಅದು ಹೊರಬಿದ್ದರೆ ಗಾಳಿಯ ಹೊರೆ ಹೆಚ್ಚುತ್ತದೆ. ಹವಾಯಿ ದ್ವೀಪದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಈ ಅನಿಲ ಈಗ 420ನ್ನು ಮೀರಿದೆ. ಭೂಮಿಯ ತಾಪ ಏರುತ್ತಿರುವುದಕ್ಕೆ ಇದೇ ಮುಖ್ಯ ಕಾರಣ.

ಕಣ್ಣು ಈ ಲೆಕ್ಕವನ್ನು ಹಿಡಿಯಲಾರದು. ಶಾಲೆಯ ಬಿಸಿಯೂಟಕ್ಕೆ ಗ್ಯಾಸ್ ಸಿಲಿಂಡರ್ ಬಂದದ್ದರಿಂದ ಅಡುಗೆಯ ತಾಯಂದಿರ ಕಣ್ಣುರಿ ತಪ್ಪಿತು. ಅದು ದೊಡ್ಡ ಉಪಕಾರ. ಆದರೂ ಆ ಗ್ಯಾಸು ನೆಲದೊಳಗಿನ ಗಂಟೇ. ಇತ್ತ ಸಿಪ್ಪೆಯ ಹೊಗೆ ಕಪ್ಪಾಗಿ ಕಾಣುತ್ತದೆ. ಅದರ ಮಸಿ ಎದೆಗೆ ಕೇಡಾದ್ದರಿಂದ ಚಿಮಣಿಯಲ್ಲಿ ಅದನ್ನು ಸೋಸಲೇಬೇಕು. ಸಿಪ್ಪೆ ಸಾಲದೆಂದು ಆಲೆಮನೆಯ ಒಲೆಗೆ ಹಳೆಯ ಟೈರು ಹಾಕಿದರಂತೂ ಎರಡು ಕೇಡೂ ಒಟ್ಟಿಗೆ ಬರುತ್ತವೆ.

ಆದ್ದರಿಂದ ಬೆಲ್ಲದ ಅಚ್ಚನ್ನು ಕೊಳ್ಳುವಾಗ ಬಣ್ಣವನ್ನು ನೋಡುವಂತೆಯೇ, ಅದು ಯಾವ ಉರುವಲಿನಲ್ಲಿ ಬೆಂದದ್ದೆಂದೂ ವಿಚಾರಿಸೋಣ.