ಕರೀ ಪರದೆ ಮ್ಯಾಲಿನ ಒಂದು ಸಾಲು

ಕ್ಯಾಸೆಟ್ಟಿನಾಗ ಇದ್ದ ನಮ್ಮತ್ತಿಯವರ ಬೀಸೋ ಪದ ಮೊಬೈಲಿಗೆ ಹ್ಯಾಂಗ ಬಂದ್ವು ಅಂತ ಓಣ್ಯಾಗ ಭಾಳ ಮಂದಿ ಕೇಳ್ಯಾರ. ಅಂಗಡಿಗೆ ಕೊಟ್ಟಿಲ್ಲರಿ. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಒಂದು ವಾಯರ್ ಕಂಪ್ಯೂಟರಿಗೆ ಹಚ್ಚಿ, ಕರೀ ಪರದೆ ಮ್ಯಾಲ ಒಂದು ಸಾಲು ಟೈಪ್ ಮಾಡೂದು, ಅಷ್ಟಽ. ಅಲ್ಲೆ ಚಿತ್ರ ಇಲ್ಲ, ಒತ್ತೋ ಗುಂಡಿ ಇಲ್ಲ. ಆದ್ರ ಆ ಒಂದು ಸಾಲಿನ ಹಿಂದ ಎಷ್ಟು ಮಂದಿಯ ದುಡಿಮಿ, ಎಷ್ಟು ಜಗಳ ಅದ ಅಂತ ಓದಿದ ಮ್ಯಾಲ ನಿಮಗೂ ಹೇಳಬೇಕು ಅನಿಸ್ತು.

ಇವುಗಳೊಳಗ ಹಳೇದು ಸಾಕ್ಸ್ ಅನ್ನೋ ಸಾಧನ. 1991ರ ಜುಲೈದಾಗ ಲ್ಯಾನ್ಸ್ ನಾರ್ಸ್‌ಕಾಗ್ ಅನ್ನೋವರು ಬರದು ಎಲ್ಲಾರಿಗೂ ಪುಕ್ಕಟ ಕೊಟ್ರು. ಆವಾಗ ಒಂದೊಂದು ಕಂಪನಿಯ ಕಂಪ್ಯೂಟರು ಧ್ವನಿ ಇಡೋ ರೀತಿ ಒಂದೊಂದು. ಒಬ್ಬರ ಮನಿ ಡಬ್ಬಿ ಮುಚ್ಚಳ ಇನ್ನೊಬ್ಬರ ಡಬ್ಬಿಗೆ ಕೂಡೂದಿಲ್ಲಲ್ಲ, ಹಂಗ. ಸಾಕ್ಸ್ ಒಂದರಿಂದ ಇನ್ನೊಂದಕ್ಕ ಬದಲ ಮಾಡಿ ಕೊಡ್ತಿತ್ತು. ಆಮ್ಯಾಲ ಅದಕ್ಕ ಕ್ಯಾಸೆಟ್ಟಿನ ಸುಸ್ಸ್ ಅನ್ನೋ ಸಪ್ಪಳ ತಗಿಯೋ ವಿದ್ಯಾನೂ ಬಂತು. ಹಾಡು ಸುರು ಆಗೂಕಿಂತ ಮೊದಲಿನ ಖಾಲಿ ಜಾಗಾ ಒಂದೆರಡು ಸೆಕೆಂಡು ಕೇಳಿಸಿದ್ರ ಸಪ್ಪಳದ ಗುರುತು ಹಿಡದು, ಪೂರಾ ಹಾಡಿನಾಗಿಂದ ಅಷ್ಟನ್ನ ಕಳೀತದ. ಜಾಸ್ತಿ ಕಳದ್ರ ಹಾಡೋರು ನೀರಾಗ ಮುಳುಗಿ ಹಾಡಿದಂಗ ಕೇಳಸ್ತದ, ಎಚ್ಚರ.

ಇನ್ನ ಎಂಪಿ3 ಕಥಿ. ಸಿಡಿಯೊಳಗ ಒಂದು ಸೆಕೆಂಡಿನ ಧ್ವನಿಯನ್ನ 44,100 ಸಲ ಅಳದು ಬರದಿಡ್ತಾರ. ಒಂದು ನಿಮಿಷಕ್ಕ ಸುಮಾರು 10 ಎಂಬಿ ಆಗ್ತದ, 90 ನಿಮಿಷದ ಕ್ಯಾಸೆಟ್ಟು ಇಳಿಸಿದ್ರ 950 ಎಂಬಿ! ಇದನ್ನ ಸಣ್ಣದು ಮಾಡ್ಲಿಕ್ಕೆ ಜರ್ಮನಿಯ ಎರ್ಲಾಂಗೆನ್ ಊರಾಗ ಕಾರ್ಲ್‌ಹೈಂಝ್ ಬ್ರಾಂಡೆನ್‌ಬುರ್ಗ್ ಮತ್ತ ಅವರ ಜೋಡಿಯವರು ವರ್ಷಗಟ್ಟಲೆ ದುಡದ್ರು. ಉಪಾಯ ನಮ್ಮ ಅಡಗಿಮನಿಯೊಳಗಿನದಽ. ಕುಕ್ಕರ್ ಸೀಟಿ ಹೊಡಿಯೋವಾಗ ಪಿಸುಮಾತು ಕೇಳಸೂದಿಲ್ಲ. ಹಂಗ ದೊಡ್ಡ ಸಪ್ಪಳದ ಬಾಜೂಕ ಕಿವಿಗೆ ಕೇಳಸದ ಸಣ್ಣ ಸಪ್ಪಳ ಇದ್ರ ಅದನ್ನ ಬರದಿಡೂದು ಯಾಕ ಅಂತ ಬಿಟ್ಟುಬಿಡೂದು. ಹಿಂಗ ಮಾಡಿದ್ರ 950 ಎಂಬಿ ಇದ್ದದ್ದು 86ಕ್ಕ ಇಳೀತದ.

ಇದನ್ನ ಪರೀಕ್ಷಾ ಮಾಡ್ಲಿಕ್ಕೆ ಅವರು ಇಟ್ಟುಕೊಂಡದ್ದು ಸುಝಾನ್ ವೇಗಾ ಅನ್ನೋ ಗಾಯಕಿಯ ‘ಟಾಮ್ಸ್ ಡೈನರ್’. ವಾದ್ಯ ಏನೂ ಇಲ್ಲ, ಬರೇ ಒಬ್ಬ ಹೆಣ್ಣುಮಗಳ ಧ್ವನಿ. ಡೋಲು, ಗಿಟಾರು ಇದ್ದ ಹಾಡು ಬೇಕಾದಂಗ ಬರ್ತಿದ್ವು, ಈ ಒಂಟಿ ಧ್ವನಿ ಮಾತ್ರ ಮೊದಮೊದಲು ಕೆಟ್ಟು ಹೋಗ್ತಿತ್ತು. ಯಾಕಂದ್ರ ತಪ್ಪು ಮುಚ್ಚಿಟ್ಟುಕೊಳ್ಳಲಿಕ್ಕೆ ಅದರಾಗ ಬ್ಯಾರೆ ಸಪ್ಪಳಽ ಇಲ್ಲ. ಆ ಧ್ವನಿ ಸರಿಯಾಗೋತನಕ ಮತ್ತ ಮತ್ತ ತಿದ್ದಿದ್ರು. ನನಗ ಇದು ಓದಿ ಮೈ ಝುಂ ಅಂತು. ನಮ್ಮತ್ತಿಯವರ ಪದಾನೂ ಹಂಗಽ, ಬೀಸೋಕಲ್ಲಿನ ಸಪ್ಪಳ ಬಿಟ್ರ ಇನ್ನೇನೂ ಇಲ್ಲ. ಅವರು ಹೋಗಿ ಹನ್ನೊಂದು ವರ್ಷ ಆತು, ಆ ಪದ ಪೂರ್ತಿ ಬರೋರು ಮನಿಯೊಳಗ ಈಗ ಯಾರೂ ಇಲ್ಲ.

ಆದ್ರ ಎಂಪಿ3 ಮ್ಯಾಲ ಪೇಟೆಂಟ್ ಇತ್ತು. 1998ರಾಗ ಪುಕ್ಕಟ ಸಾಧನ ಬರದವರಿಗೆಲ್ಲಾ ರೊಕ್ಕ ಕೊಡ್ರಿ ಅಂತ ಪತ್ರ ಹೋದ್ವು. ಅದಽ ವರ್ಷ ಲೇಮ್ ಅನ್ನೋದು ಹುಟ್ಟಿತು. ಹೆಸರಿನ ಅರ್ಥಽ ‘ಇದು ಎಂಪಿ3 ಮಾಡೋದಲ್ಲ’ ಅಂತ! ಕಳ್ಳರ ಮುಂದ ಡಬ್ಬಿ ಮ್ಯಾಲ ‘ಬಂಗಾರ ಇಲ್ಲ’ ಅಂತ ಬರದಂಗ. 2017ರ ಏಪ್ರಿಲ್ 23ಕ್ಕ ಆ ಲೈಸೆನ್ಸ್ ವ್ಯವಹಾರ ಮುಗೀತು.

ಈಗ ಎಲ್ಲಾಕ್ಕಿಂತ ದೊಡ್ಡದು ಎಫ್‌ಎಫ್‌ಎಂಪೆಗ್. 2000ದಾಗ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ ಸುರು ಮಾಡಿದ್ರು, ಅದೂ ಜೆರಾರ್ ಲಾಂಟೋ ಅಂತ ಬ್ಯಾರೆ ಹೆಸರಿಲೆ. (ಇದಽ ಮನುಷ್ಯ 2009ರಾಗ ಸಾದಾ ಕಂಪ್ಯೂಟರಿನ ಮ್ಯಾಲ ಪೈ ಸಂಖ್ಯೆಯನ್ನ 2.7 ಲಕ್ಷ ಕೋಟಿ ಅಂಕಿತನಕ ಲೆಕ್ಕ ಹಾಕಿದ್ರು.) ಅದರ ಗುರುತಿನ ಚಿತ್ರ ನೋಡಿದ್ರ ಕಸೂತಿ ನೆನಪಾಗ್ತದ. ಚಿತ್ರವನ್ನ ಎಂಟಕ್ಕ ಎಂಟು ಚುಕ್ಕಿಯ ಚೌಕ ಮಾಡಿ, ಮ್ಯಾಲಿನ ಮೂಲಿಯಿಂದ ಓರೆ ಓರೆ ಹಾವಿನಂಗ ಓದಿಕೋತ ಹೋಗ್ತದ, ಆ ಗೆರೀನಽ ಗುರುತು. ಬಳಸೂದು ಸರಳ. ಅದರ ಹೆಸರು, ಒಂದು ಅಡ್ಡಗೆರಿ, ಐ ಅಕ್ಷರ, ಆಮ್ಯಾಲ ಇದ್ದ ಫೈಲಿನ ಹೆಸರು, ಕಡೀಕ ಬೇಕಾದ ಫೈಲಿನ ಹೆಸರು. ಎಂತಾದ್ದು ಬೇಕು ಅಂತ ಹೆಸರಿನ ಬಾಲದಿಂದ ತಾನಽ ತಿಳಕೋತದ.

2004ರಿಂದ ಮೈಕೆಲ್ ನೀಡರ್‌ಮೇಯರ್ ಅನ್ನೋವರು ಇದರ ಯಜಮಾನಿಕಿ ನೋಡಿಕೊಂಡ್ರು. 2011ರಾಗ ಮನಿ ಒಡೀತು. ಇವರ ರೀತಿ ಸೇರದ ಒಂದು ಗುಂಪು ಬ್ಯಾರೆ ಆಗಿ ಲಿಬಾವ್ ಅಂತ ಹೆಸರಿಟ್ಟುಕೊಂಡ್ತು. ಡೆಬಿಯನ್, ಉಬುಂಟು ಎರಡೂ ಆ ಕಡೆ ವಾಲಿದ್ವು. ಉಬುಂಟುದಾಗ ಹಳೇ ಹೆಸರು ಟೈಪ್ ಮಾಡಿದ್ರ ಇದನ್ನ ಬಿಟ್ಟು ಹೊಸಾದು ಬಳಸ್ರಿ ಅನ್ನೋ ಸೂಚನಾ ಬರ್ತಿತ್ತು. ನೀಡರ್‌ಮೇಯರ್ ಏನು ಮಾಡಿದ್ರು ಗೊತ್ತೇನ್ರಿ? ಬ್ಯಾರೆ ಆದವರು ಮಾಡಿದ ಕೆಲಸಾನೂ ತಮ್ಮದರಾಗ ಸೇರಿಸಿಕೋತ ಹೋದ್ರು. ಅದು ಅವರ ಹೆಚ್ಚುಗಾರಿಕಿ ಅಂತೀನಿ ನಾ. ವಾಟ್ನಿ ಆದ ಮ್ಯಾಲ ಎದುರು ಮನಿ ಹೋಳಿಗಿ ಚೊಲೋ ಅದ ಅನ್ನೋರು ಎಷ್ಟು ಮಂದಿ? 2015ರಾಗ ಡೆಬಿಯನ್ ತಿರುಗಿ ಬಂತು. ಅದಽ ವರ್ಷ ಅವರು, ಎರಡೂ ಕಡೆಯವರು ಕೂಡಲಿ ಅನ್ನೋ ಆಸೆಯಿಂದ, ಯಜಮಾನಿಕಿ ಬಿಟ್ಟುಕೊಟ್ರು.

2021ರ ಫೆಬ್ರುವರಿ 18ಕ್ಕ ಮಂಗಳ ಗ್ರಹದ ಮ್ಯಾಲ ಪರ್ಸಿವಿಯರೆನ್ಸ್ ಇಳಿಯೋವಾಗಿನ ಕ್ಯಾಮೆರಾ ಚಿತ್ರ ಸಣ್ಣದು ಮಾಡ್ಲಿಕ್ಕೂ ಇದನ್ನಽ ಬಳಸ್ಯಾರ.

ಕ್ಯಾಸೆಟ್ಟು ಇದ್ದವರಿಗೆ ಒಂದು ಮಾತು. ಎಂಪಿ3 ಬಿಟ್ಟ ಸಪ್ಪಳ ಮತ್ತ ವಾಪಸ್ ಬರೂದಿಲ್ಲ. ಅದಕ್ಕ ಮೊದಲು ಫ್ಲ್ಯಾಕ್ ಅನ್ನೋ ನಮೂನಿಯೊಳಗ ಇಳಿಸ್ರಿ, ಏನೂ ಬಿಡದಽ ಸುಮಾರು ಅರ್ಧಕ್ಕ ಇಳೀತದ. ಎಂಪಿ3 ಅದರ ನಕಲು ಮಾಡಿಕೊಳ್ರಿ. ಭಾಳ ವರ್ಷ ಇಟ್ಟ ಕ್ಯಾಸೆಟ್ಟನ್ನ ಒಂದ್ಸಲ ಪೂರಾ ಮುಂದ, ಒಂದ್ಸಲ ಹಿಂದ ಸುತ್ತಿ, ಪಟ್ಟಿ ಸಡಲಾದ ಮ್ಯಾಲನಽ ಹಚ್ಚಬೇಕು.